ಎಪಿಎಚ್‌ಆರ್ ಪರೀಕ್ಷೆಗೆ ಪದಪಟ್ಟಿಯನ್ನು ಅಕಾರಾದಿಯಾಗಿ ಬಾಯಿಪಾಠ ಮಾಡಬೇಕೇ, ವಿಷಯವಾರು ಮಾಡಬೇಕೇ?

ಎಪಿಎಚ್‌ಆರ್ ಎಂಬುದು ಮಾನವ ಸಂಪನ್ಮೂಲ (ಎಚ್‌ಆರ್) ಕೆಲಸಕ್ಕೆ ಹೊಸಬರಾದವರಿಗೆಂದು ಅಮೆರಿಕದ ಎಚ್‌ಆರ್‌ಸಿಐ ಸಂಸ್ಥೆ ನಡೆಸುವ ಪ್ರಮಾಣಪತ್ರ ಪರೀಕ್ಷೆ. ನಾನು ಎರಡೂ ರೀತಿಯಲ್ಲಿ ಬಾಯಿಪಾಠ ಮಾಡಿ ಅದಕ್ಕೆ ಕುಳಿತೆ. ಮೊದಲ ಸಲ ತೇರ್ಗಡೆಯಾಗಲಿಲ್ಲ. ಆದ್ದರಿಂದ ಯಾವ ಕ್ರಮ ಮೇಲು ಎಂದು ತೂಗಿ ನೋಡುವ ಗೋಜಿಗೆ ನಾನು ಹೋಗುವುದಿಲ್ಲ. ಬಾಯಿಪಾಠ ಮಾಡಬೇಕೆಂಬ ಎಣಿಕೆಯನ್ನೇ ಕೈಬಿಡಿ.

ನನಗೆ ಮುಳುವಾದದ್ದು ‘ಎಕ್ಸೆಂಪ್ಟ್’ ಎಂಬ ಒಂದು ಪದ. ಬಾಯಿಪಾಠದ ಚೀಟಿಯಲ್ಲಿ ನಾನು ಬರೆದುಕೊಂಡಿದ್ದ ಅರ್ಥ: ‘ನಿಗದಿತ ಸಂಬಳದವರು, ಓವರ್‌ಟೈಮ್ ಇಲ್ಲ.’ ಅಮೆರಿಕದ 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯ್ದೆ ಹಾಗೆ ಹೇಳುವುದಿಲ್ಲ. ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೊಡಬೇಕೆಂಬುದು ಅಲ್ಲಿನ ಸಾಮಾನ್ಯ ನಿಯಮ. ಕಚೇರಿ ಹುದ್ದೆಯೊಂದು ಅದರಿಂದ ಹೊರಗುಳಿಯಬೇಕಾದರೆ, ಅಂದರೆ ‘ಎಕ್ಸೆಂಪ್ಟ್’ ಆಗಬೇಕಾದರೆ, ಸಾಮಾನ್ಯವಾಗಿ ಮೂರು ಪರೀಕ್ಷೆಗಳನ್ನು ಒಟ್ಟಿಗೆ ದಾಟಬೇಕು: ಕೆಲಸ ಹೆಚ್ಚು ಕಡಿಮೆಯಾದರೂ ಕಡಿತಗೊಳ್ಳದ ಸಂಬಳವಿರಬೇಕು, ಅದು ಕನಿಷ್ಠ ಮಟ್ಟವನ್ನು (ಒಕ್ಕೂಟ ಸರ್ಕಾರದ ನಿಯಮದಂತೆ ವಾರಕ್ಕೆ 684 ಡಾಲರ್) ಮುಟ್ಟಬೇಕು, ಮತ್ತು ಮುಖ್ಯ ಕರ್ತವ್ಯಗಳು ಆಡಳಿತ, ಕೈಕೆಳಗಿನವರ ನಿರ್ವಹಣೆ ಅಥವಾ ವೃತ್ತಿಪರ ಪರಿಣತಿಯ ಸ್ವರೂಪದವಾಗಿರಬೇಕು. ನಾನು ಕಲಿತದ್ದು ಮೊದಲನೆಯದನ್ನು ಮಾತ್ರ.

ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ. ಇದು ನಾನೇ ಕಟ್ಟಿದ ಉದಾಹರಣೆ. ಒಬ್ಬರ ಹುದ್ದೆಯ ಹೆಸರು ‘ಮ್ಯಾನೇಜರ್’. 40 ಗಂಟೆಗೆಂದು ಗೊತ್ತುಪಡಿಸಿದ ಸಂಬಳ, ಆದರೆ ಕೈಕೆಳಗೆ ಯಾರೂ ಇಲ್ಲ, ದಿನವಿಡೀ ಡೇಟಾ ಎಂಟ್ರಿ. ಒಂದು ವಾರ 46 ಗಂಟೆ ದುಡಿದರು. ನನ್ನ ಚೀಟಿಯ ಪ್ರಕಾರ ಅವರಿಗೆ ಹೆಚ್ಚುವರಿ ಹಣವಿಲ್ಲ. ಕಾಯ್ದೆಯ ಪ್ರಕಾರ ಆರು ಗಂಟೆಗೆ ಒಂದೂವರೆ ಪಟ್ಟು ದರ ಸಲ್ಲಬೇಕು. ಈ ಒಂದು ತಪ್ಪು ಕಲಿಕೆ ವೇತನ ವರ್ಗೀಕರಣ, ಹಾಜರಿ ದಾಖಲೆ, ಹುದ್ದೆಯ ವಿವರಣೆ ಹೀಗೆ ಎಲ್ಲೆಲ್ಲಿ ಆ ಪದ ಆಧಾರವಾಗಿತ್ತೋ ಅಲ್ಲೆಲ್ಲ ನನ್ನನ್ನು ದಾರಿ ತಪ್ಪಿಸಿತು. ಅರ್ಥ ಗೊತ್ತಿದೆ ಎಂಬ ಭರವಸೆ ಇದ್ದುದರಿಂದ ಆಯ್ಕೆಗಳನ್ನು ಎರಡನೆಯ ಸಲ ಓದಲೂ ಇಲ್ಲ.

ಎರಡನೆಯ ಸಲದ ತಯಾರಿಯಲ್ಲಿ ಪದಗಳನ್ನು ಒಂದೊಂದಾಗಿ ಕಲಿಯದೆ, ಪರಸ್ಪರ ಗೊಂದಲವಾಗುವ ಜೋಡಿಗಳಾಗಿ, ಪ್ರತಿ ಜೋಡಿಗೂ ಒಂದು ಪ್ರಸಂಗ ಬರೆದು ಕಲಿತೆ. ‘ಡಿಸ್ಪರೇಟ್ ಟ್ರೀಟ್‌ಮೆಂಟ್’ ಎಂದರೆ ಜನಾಂಗ, ಲಿಂಗದಂಥ ಕಾರಣಕ್ಕೆ ಉದ್ದೇಶಪೂರ್ವಕವಾಗಿ ಬೇರೆಯಾಗಿ ನಡೆಸಿಕೊಳ್ಳುವುದು. ‘ಡಿಸ್ಪರೇಟ್ ಇಂಪ್ಯಾಕ್ಟ್’ ಎಂದರೆ ಎಲ್ಲರಿಗೂ ಒಂದೇ ಆಗಿ ಕಾಣುವ ನಿಯಮ ಒಂದು ಗುಂಪಿಗೆ ಮಾತ್ರ ಹೆಚ್ಚು ಪೆಟ್ಟು ಕೊಡುವುದು. ಎರಡನೆಯದಕ್ಕೆ ನೆಲೆ ಒದಗಿಸಿದ್ದು ಅಮೆರಿಕದ ಸುಪ್ರೀಂ ಕೋರ್ಟಿನ 1971ರ ಗ್ರಿಗ್ಸ್ ವಿರುದ್ಧ ಡ್ಯೂಕ್ ಪವರ್ ತೀರ್ಪು. ಅದರ ಪಕ್ಕದಲ್ಲೇ ‘ಐದರಲ್ಲಿ ನಾಲ್ಕು ಭಾಗ’ದ ನಿಯಮವನ್ನು, ಅಂದರೆ ಒಂದು ಗುಂಪಿನ ಆಯ್ಕೆಯ ದರ ಅತಿ ಹೆಚ್ಚು ಆಯ್ಕೆಯಾದ ಗುಂಪಿನ ದರದ ಶೇಕಡಾ 80ರಷ್ಟಾದರೂ ಇರಬೇಕೆಂಬುದನ್ನು, ಲೆಕ್ಕ ಮಾಡಿ ನೋಡಿ: ನೂರು ಪುರುಷರಲ್ಲಿ 60 ಮಂದಿ, ನೂರು ಮಹಿಳೆಯರಲ್ಲಿ 40 ಮಂದಿ ಆಯ್ಕೆಯಾದರೆ 40ನ್ನು 60ರಿಂದ ಭಾಗಿಸಿದಾಗ ಸಿಗುವುದು ಶೇಕಡಾ 67ರಷ್ಟು. ಇದು 80ಕ್ಕಿಂತ ಕಡಿಮೆಯಾದ್ದರಿಂದ ಪ್ರತಿಕೂಲ ಪರಿಣಾಮದ ಸೂಚನೆ.

ಕಾಯ್ದೆಗಳನ್ನೂ ಹೀಗೆಯೇ ಅಕ್ಕಪಕ್ಕ ಇಡಿ. ಅಂಗವಿಕಲರ ಹಕ್ಕಿನ ಎಡಿಎ 15 ನೌಕರರಿರುವ ಸಂಸ್ಥೆಯಿಂದ, ವಯೋಭೇದ ತಡೆಯುವ ಎಡಿಇಎ 20 ನೌಕರರಿರುವಲ್ಲಿಂದ, ಕೌಟುಂಬಿಕ ಮತ್ತು ವೈದ್ಯಕೀಯ ರಜೆಯ ಎಫ್‌ಎಂಎಲ್‌ಎ ಖಾಸಗಿ ವಲಯದಲ್ಲಿ 50 ನೌಕರರಿರುವಲ್ಲಿಂದ ಅನ್ವಯಿಸುತ್ತವೆ. ಆ ರಜೆಗೆ ನೌಕರರು 12 ತಿಂಗಳ ಸೇವೆಯ ಜೊತೆಗೆ ಹಿಂದಿನ ವರ್ಷದಲ್ಲಿ 1,250 ಗಂಟೆ ದುಡಿದಿರಬೇಕು. ಸಿಗುವುದು 12 ವಾರಗಳ ವೇತನರಹಿತ ರಜೆ. ಓರಿಯೆಂಟೇಷನ್, ಆನ್‌ಬೋರ್ಡಿಂಗ್‌ನಂಥ (ಹೊಸ ನೌಕರರಿಗೆ ಸಂಸ್ಥೆಯನ್ನು ಪರಿಚಯಿಸಿ ಕೆಲಸಕ್ಕೆ ಒಗ್ಗಿಸುವ) ಸುಲಭದ ಪದಗಳನ್ನು ಮಾತ್ರ ಒಮ್ಮೆ ಗಮನವಿಟ್ಟು ಓದಿದರೆ ಸಾಕು.

ಇನ್ನೊಂದು ಮಾತು: ನೀವು ಅಮೆರಿಕದ ಹೊರಗೆ ಕೆಲಸ ಮಾಡುವವರಾದರೆ ಅದೇ ಸಂಸ್ಥೆಯ ಎಪಿಎಚ್‌ಆರ್‌ಐ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಪಠ್ಯಕ್ರಮವನ್ನು ಮೊದಲು ನೋಡಿ; ಅದು ಅಮೆರಿಕದ ಕಾಯ್ದೆಗಳ ಸುತ್ತ ಕಟ್ಟಿದ್ದಲ್ಲ. ಎಪಿಎಚ್‌ಆರ್ ಅನ್ನೇ ಬರೆಯುವುದಾದರೆ ಪಟ್ಟಿಯನ್ನು ಬದಿಗಿಟ್ಟು, ‘ಎಕ್ಸೆಂಪ್ಟ್’, ‘ನಾನ್‌ಎಕ್ಸೆಂಪ್ಟ್’ ಜೋಡಿಯಿಂದಲೇ ಆರಂಭಿಸಿ. ನಿಮಗೆ ಗೊತ್ತಿರುವ ಐದಾರು ಹುದ್ದೆಗಳನ್ನು ಬರೆದು, ಪ್ರತಿಯೊಂದನ್ನೂ ಆ ಮೂರು ಪರೀಕ್ಷೆಗಳಿಗೆ ಒಡ್ಡಿ ನೋಡಿ.