ಗದ್ದೆ ಮಣ್ಣು ಕುಲುಮೆಯಲ್ಲಿ ಕರಗಿತಾ? ಎಸೆಯಬೇಡಿ

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಗದ್ದೆಯ ಜೇಡಿಮಣ್ಣಿನಲ್ಲಿ ಬಟ್ಟಲು ಮಾಡಿ ಎಲೆಕ್ಟ್ರಿಕ್ ಕುಲುಮೆಯಲ್ಲಿ 1240 ಡಿಗ್ರಿಗೆ ಸುಟ್ಟೆ. ಎಲ್ಲ ಉಬ್ಬಿ, ಕುಸಿದು, ಶೆಲ್ಫಿಗೆ ಅಂಟಿಕೊಂಡವು. ನಮ್ಮೂರ ಮಣ್ಣಲ್ಲಿ ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಪಾತ್ರೆ) ಆಗೋದೇ ಇಲ್ವಾ?

ಉತ್ತರ: ಬರೀ ಆ ಮಣ್ಣಿನಿಂದ ಆಗುವುದಿಲ್ಲ. ನಮ್ಮದು ಚಿರೆಕಲ್ಲಿನ ಸೀಮೆ, ಮಣ್ಣಲ್ಲಿ ಕಬ್ಬಿಣ ಜಾಸ್ತಿ, ಹಾಗಾಗಿ ಬೇಗ ಕರಗುತ್ತದೆ. ಕುಂಬಾರರ ಆವಿಗೆಯಲ್ಲಿ ಗಡಿಗೆ ಬೇಯುವುದು ಸುಮಾರು 700ರಿಂದ 900 ಡಿಗ್ರಿಗೆ. ಅಷ್ಟಕ್ಕೆ ಈ ಮಣ್ಣು ಹೇಳಿ ಮಾಡಿಸಿದ್ದು. 1100 ದಾಟಿದ ಮೇಲೆ ಹೊರಮೈ ಕರಗಿ ಮುಚ್ಚಿಕೊಳ್ಳುತ್ತದೆ, ಒಳಗಿನ ಅನಿಲಕ್ಕೆ ದಾರಿ ಸಿಗದೆ ಪಾತ್ರೆ ಹಪ್ಪಳದ ಹಾಗೆ ಉಬ್ಬುತ್ತದೆ.

ಆದರೆ ಕರಗುವ ಮಣ್ಣು ಸಿಕ್ಕಿತು ಅಂದ್ರೆ ಅರ್ಧ ಗ್ಲೇಜ್ (ಪಾತ್ರೆಯ ಮೇಲಿನ ಗಾಜಿನಂಥ ಲೇಪ) ಸಿಕ್ಕ ಹಾಗೇ ಅಲ್ವಾ? ಪಾತ್ರೆಗೆ ಸ್ಟೋನ್‌ವೇರ್ ಮಣ್ಣು ಕೊಂಡು ತನ್ನಿ, ನಿಮ್ಮ ಮಣ್ಣನ್ನು ಮೇಲೆ ಹಚ್ಚಿ. ಜೊತೆಗೆ ಬೇಕಾದ್ದು ಬಚ್ಚಲ ಒಲೆಯ ಬೂದಿ. ಕಟ್ಟಿಗೆ ಬೂದಿಯಲ್ಲಿ ಸುಣ್ಣದ ಅಂಶವಿದೆ, ಅದು ಮಣ್ಣನ್ನು ಇನ್ನಷ್ಟು ಕರಗಿಸಿ ಗಾಜಾಗಿಸುತ್ತದೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಮಾತ್ರ ಬೇಡ. ಎರಡನ್ನೂ ಒಣಗಿಸಿ, ಸಣ್ಣ ಜರಡಿಯಲ್ಲಿ ಸೋಸಿ, ತೂಗಿ. ಬೂದಿ ನೀರು ಕೈ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಮೊದಲೇ ಬಟ್ಟಲಿಗೆ ಹಚ್ಚಬೇಡಿ. ಸ್ಟೋನ್‌ವೇರ್ ಮಣ್ಣಿನಲ್ಲಿ ಬೆರಳಷ್ಟು ಅಗಲದ ಬಿಲ್ಲೆಗಳನ್ನು ಮಾಡಿ 950 ಡಿಗ್ರಿಗೆ ಒಮ್ಮೆ ಸುಟ್ಟುಕೊಳ್ಳಿ. ಮಣ್ಣು 70 ಬೂದಿ 30, ಆಮೇಲೆ 60–40, 50–50, ಹೀಗೆ 30–70ರವರೆಗೆ ಐದು ಮಿಶ್ರಣ. ನೀರಲ್ಲಿ ಕಲಸಿ ಒಂದೊಂದನ್ನು ಒಂದೊಂದು ಬಿಲ್ಲೆಗೆ ಹಚ್ಚಿ, ಸ್ಟೋನ್‌ವೇರ್ ಶಾಖಕ್ಕೆ ಮತ್ತೆ ಸುಡಿ. ಬಿಲ್ಲೆಯ ಹಿಂದೆ ಐರನ್ ಆಕ್ಸೈಡಿನಿಂದ ನಂಬರ್ ಬರೆಯಿರಿ, ಪೆನ್ನಿನಲ್ಲಿ ಬರೆದದ್ದು ಸುಟ್ಟು ಹೋಗುತ್ತದೆ. ಬಿಲ್ಲೆಗಳನ್ನು ನಿಲ್ಲಿಸಿಯೇ ಸುಡಬೇಕು, ಮಲಗಿಸಿದರೆ ಗ್ಲೇಜ್ ಎಷ್ಟು ಹರಿಯುತ್ತದೆ ಅಂತ ಗೊತ್ತಾಗುವುದಿಲ್ಲ. ಪ್ರತಿಯೊಂದರ ಕೆಳಗೂ ಸ್ಟೋನ್‌ವೇರ್ ಮಣ್ಣಿನದೇ ಸಣ್ಣ ತಟ್ಟೆ ಇಡಿ, ಶೆಲ್ಫ್ ಉಳಿಯುತ್ತದೆ.

ನನಗೆ ತುಂಬ ಇಷ್ಟವಾದ ಬಿಲ್ಲೆ 50–50ರದ್ದು. ಮೇಲಂಚಿನಲ್ಲಿ ತೆಳ್ಳಗಾಗಿ ಕಂದು, ಕೆಳಗೆ ಇಳಿದು ದಪ್ಪಗೆ ನಿಂತಲ್ಲಿ ಥೇಟ್ ಜೋನಿ ಬೆಲ್ಲ, ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಗುಳ್ಳೆ ಕಾಣುತ್ತಿದ್ದವು. ನಿಮ್ಮದು ಹೀಗೇ ಬರಬೇಕೆಂದಿಲ್ಲ, ಪಕ್ಕದ ಗದ್ದೆಯ ಮಣ್ಣೇ ಬೇರೆ ಬಣ್ಣ ಕೊಡಬಹುದು.

ಪಾತ್ರೆಯ ಮೈಯಲ್ಲೂ ನಿಮ್ಮ ಮಣ್ಣು ಇರಲೇಬೇಕು ಅನಿಸಿದರೆ ಸ್ಟೋನ್‌ವೇರ್ ಮಣ್ಣಿಗೆ ನೂರಕ್ಕೆ ಹತ್ತು ಪಾಲು ಬೆರೆಸಿ ನೋಡಿ. ಮೈ ಬಣ್ಣ ಬೆಚ್ಚಗಾಗುತ್ತದೆ.

ಅಪ್ಪೆಹುಳಿಯಂಥ ಮಾವಿನ ಹುಳಿ ಸಾರು ಕುಡಿಯುವ ಬಟ್ಟಲಾದರೆ ಬಳಸುವ ಮೊದಲು ಒಳಗೆ ಒಂದು ಹೋಳು ನಿಂಬೆಹಣ್ಣು ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಆ ಜಾಗದ ಬಣ್ಣ ಮಾಸಿದ್ದರೆ ಆ ಗ್ಲೇಜ್ ಊಟದ ಪಾತ್ರೆಗೆ ಬೇಡ, ಹೂದಾನಿಗೆ ಇಟ್ಟುಕೊಳ್ಳಿ.