ರಾತ್ರಿ ಹಾಲು ಕುಡಿಸುವುದನ್ನು ಕಡಿಮೆ ಮಾಡಬೇಡಿ, ಉಳಿದ ಕೆಲಸ ಕಡಿಮೆ ಮಾಡಿ

ಕೂಸಿಗೆ ಇಪ್ಪತ್ತು ದಿನ, ರಾತ್ರಿ ಒಂದೂವರೆ ಗಂಟೆಗೊಮ್ಮೆ ಏಳುತ್ತದೆ, ಒಂದೆರಡು ಸಲ ಪುಡಿ ಹಾಲು ಕೊಟ್ಟು ಮಲಗಿಸಬಹುದಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಕೈ ತಾನಾಗಿ ಎಡ ಎದೆಯ ಮೇಲೆ ಹೋಯಿತು. ನನ್ನ ಮಗಳಿಗೆ ಈಗ ಎಂಟು ವರ್ಷ. ಅವಳು ಇಪ್ಪತ್ತು ದಿನದ ಕೂಸಾಗಿದ್ದಾಗ ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಕೂತು ನಾನೂ ಇದನ್ನೇ ಯೋಚಿಸುತ್ತಿದ್ದೆ.

ಮೊದಲ ಬಾಣಂತನಕ್ಕೆ ಧಾರವಾಡಕ್ಕೆ ಹೋಗಬೇಕಿತ್ತು. ಆದರೆ ಅಪ್ಪನಿಗೆ ಆಗಷ್ಟೇ ಆಪರೇಷನ್ ಆಗಿತ್ತು. ಅವ್ವನೇ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಕಲ್ಯಾಣದಲ್ಲಿ ಇಳಿದು ಬಂದಳು. ಅಂಟಿನ ಉಂಡೆಯ ಡಬ್ಬಿ, ಕುಂಚಿಗೆ, ಹಳೇ ಸೀರೆ ಹರಿದು ಹೊಲಿದ ಲಂಗೋಟಿ ಎಲ್ಲ ತಂದಿದ್ದಳು. ಹದಿನೆಂಟನೇ ದಿನಕ್ಕೆ ಅಪ್ಪನಿಗಾಗಿ ವಾಪಸ್ ಹೋಗಬೇಕಾಯಿತು. ಜುಲೈ ಮಳೆ. ಲಂಗೋಟಿ ಒಣಗುತ್ತಲೇ ಇರಲಿಲ್ಲ. ಫ್ಯಾನಿನ ಕೆಳಗೆ ಹಗ್ಗ ಕಟ್ಟಿ, ಆಮೇಲೆ ಇಸ್ತ್ರಿ ತಿಕ್ಕಿ ಒಣಗಿಸುತ್ತಿದ್ದೆ. ನಮ್ಮವರು ಬೆಳಿಗ್ಗೆ ಏಳೂವರೆ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿ ಎಂಟೂವರೆ. ಪಾಪ, ಅವರಿಗೆ ನಿದ್ದೆ ಕೆಡಬಾರದು ಅಂತ ನಾನು ರಾತ್ರಿಯೆಲ್ಲ ಹೊರಗಿನ ಕೋಣೆಯ ಸೋಫಾದಲ್ಲಿ ಕೂತು ಕುಡಿಸುತ್ತಿದ್ದೆ.

ಇಪ್ಪತ್ತೆರಡನೇ ದಿನ ಸಂಜೆ ಏಳಕ್ಕೆ ಎದೆಗೆ ಹಾಕಿಕೊಂಡ ಕೂಸು ಹನ್ನೊಂದಾದರೂ ಬಿಡಲಿಲ್ಲ. ಈ ಕಡೆ ಹತ್ತು ನಿಮಿಷ, ಆ ಕಡೆ ಹತ್ತು ನಿಮಿಷ, ನಡುವೆ ಅಳು. ನನ್ನ ಎದೆ ಮುಟ್ಟಿ ನೋಡಿಕೊಂಡೆ. ಮೊದಲ ವಾರ ಕಲ್ಲಿನ ಹಾಗೆ ಬಿಗಿದಿದ್ದದ್ದು ಈಗ ಮೆತ್ತಗೆ. ಹಾಲು ಖಾಲಿ ಆಯ್ತು ಅಂದುಕೊಂಡೆ. ಪಕ್ಕದ ಮನೆ ಮಾವಶಿ ಬಂದು ಹೋಗುವವರೆಲ್ಲರ ಎದುರು "ದೂಧ್ ಪುರತಂಯ ಕಾ?" ಅಂತ ಕೇಳುತ್ತಿದ್ದರು, ಹಾಲು ಸಾಲುತ್ತಾ ಅಂತ. ಆ ಮಾತು ತಲೆಯಲ್ಲಿ ಕೂತಿತ್ತು. ನಮ್ಮವರು ಮಳೆಯಲ್ಲೇ ಹೋಗಿ ಮೆಡಿಕಲ್ ಶಾಪಿನಿಂದ ಡಬ್ಬಿ ತಂದರು.

ನಮ್ಮಲ್ಲಿ 1992ರ ಕಾನೂನಿನ ಪ್ರಕಾರ ಇಂಥ ಡಬ್ಬಿಯ ಮೇಲೆ ತಾಯಿಯ ಹಾಲೇ ಶ್ರೇಷ್ಠ ಅಂತ ಅಚ್ಚು ಹಾಕಲೇಬೇಕು. ಹಾಕಿದ್ದರು. ನನಗೆ ಹಾಲೇ ಇಲ್ಲ ಅಂದುಕೊಂಡವಳಿಗೆ ಅದನ್ನು ಓದಿ ಅಳು ಬಂತು. 60 ಎಂಎಲ್ ಮಾಡಿ ಕುಡಿಸಿದೆ. ಕೂಸು ಮೂರೂವರೆ ಗಂಟೆ ಮಲಗಿತು. ನಾನೂ ಮಲಗಿದೆ. ಎದ್ದಾಗ ಎಷ್ಟು ಹಗುರ ಅನಿಸಿತು ಅಂದರೆ, ಮರುದಿನದಿಂದ ಹನ್ನೊಂದಕ್ಕೆ ಒಂದು ಬಾಟಲಿ, ಎರಡೂವರೆಗೆ ಒಂದು ಬಾಟಲಿ ಅಂತ ಕಾಯಂ ಮಾಡಿಕೊಂಡೆ. ಎರಡೂವರೆಯದನ್ನು ನಮ್ಮವರೇ ಕೊಡುತ್ತಿದ್ದರು. ನಾನು ಆರು ಗಂಟೆ ಒಂದೇ ಸಮ ನಿದ್ದೆ.

ಇಲ್ಲಿ ನಾನು ಮಾಡಿದ ತಪ್ಪು ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪುಡಿ ಹಾಲು ಕೊಟ್ಟದ್ದೇ ತಪ್ಪು ಅಂತ ಜನ ತಿಳಿಯುತ್ತಾರೆ. ತಪ್ಪು ಅದಕ್ಕಿಂತ ಮೊದಲೇ ಆಗಿತ್ತು. ಎದೆ ಮೆತ್ತಗಾದರೆ ಹಾಲು ಹೋಯಿತು ಅಂತ ಅರ್ಥ ಅಲ್ಲ. ಎರಡು ಮೂರು ವಾರ ಆಗುವಾಗ ಮೈಗೆ ಕೂಸಿನ ಲೆಕ್ಕ ಸಿಕ್ಕಿ ಆ ಬಿಗಿತ ಇಳಿಯುತ್ತದೆ. ಹಾಲು ಗಡಿಗೆಯಲ್ಲಿ ತುಂಬಿಟ್ಟದ್ದಲ್ಲ. ಕೂಸು ಎಳೆದಷ್ಟೂ ಬರುತ್ತದೆ, ಎಳೆಯುತ್ತಿರುವಾಗಲೂ ತಯಾರಾಗುತ್ತದೆ. ಸಂಜೆ ಹೊತ್ತು ಬಿಡದೆ ಕುಡಿಯುವುದು, ಮೂರನೇ ವಾರದಲ್ಲಿ ಇದ್ದಕ್ಕಿದ್ದ ಹಾಗೆ ಜಾಸ್ತಿ ಕುಡಿಯುವುದು, ಇವೆರಡೂ ಎಷ್ಟೋ ಕೂಸುಗಳು ಮಾಡುವಂಥದ್ದೇ. ನನ್ನ ಮಗಳು ನಾಳೆಗೆ ಬೇಕಾದದ್ದನ್ನು ಇವತ್ತೇ ಹೇಳಿಟ್ಟುಕೊಳ್ಳುತ್ತಿದ್ದಳು. ನಾನು ಬಾಟಲಿ ಕೊಟ್ಟು ಆ ಮಾತು ಎದೆಗೆ ತಲುಪದ ಹಾಗೆ ಮಾಡಿದೆ.

ಅದೂ ರಾತ್ರಿಯಲ್ಲಿ. ಹಾಲು ತಯಾರಿಸುವ ಹಾರ್ಮೋನು, ಪ್ರೊಲ್ಯಾಕ್ಟಿನ್, ಹಗಲಿಗಿಂತ ರಾತ್ರಿ ಜಾಸ್ತಿ ಇರುತ್ತದೆ. ಅದೇ ಹೊತ್ತಿಗೆ ನಾನು ಆರು ಗಂಟೆ ಎದೆಗೆ ರಜೆ ಕೊಟ್ಟೆ. ಬಾಟಲಿ ಕೊಡುವಾಗ ಅಷ್ಟೇ ಹಾಲನ್ನು ಕೈಯಿಂದಲೋ ಪಂಪಿನಿಂದಲೋ ತೆಗೆದಿದ್ದರೂ ಇಷ್ಟಾಗುತ್ತಿರಲಿಲ್ಲ. ತೆಗೆಯಲಿಲ್ಲ. ಒಳಗೆ ಉಳಿದ ಹಾಲು ಇನ್ನು ಸಾಕು ಅಂತ ಹೇಳುತ್ತದೆ, ಮೈ ಕೇಳುತ್ತದೆ.

ಹತ್ತು ದಿನದಲ್ಲಿ ಹಗಲಲ್ಲೂ ಕೂಸು ಎದೆಗೆ ಬಂದರೆ ಎರಡು ನಿಮಿಷಕ್ಕೆ ತಲೆ ಹಿಂದೆ ಎಳೆದು ಚೀರತೊಡಗಿತು. ಬಾಟಲಿಯಲ್ಲಿ ಸಲೀಸಾಗಿ ಸುರಿಯುತ್ತಿತ್ತು, ನನ್ನಲ್ಲಿ ನಿಧಾನ. ಆಮೇಲೆ ಎಡ ಎದೆಯಲ್ಲಿ ಹಾಲು ಕಟ್ಟಿತು. ಒಂದು ಕಡೆ ಕೆಂಪಗೆ, ಮುಟ್ಟಿದರೆ ಸುಡುತ್ತಿತ್ತು. ಮಾಲೀಶ್ ಬಾಯಿ ಗಂಟು ಕರಗಲಿ ಅಂತ ಗಟ್ಟಿಯಾಗಿ ತಿಕ್ಕಿದರು, ಅದರಿಂದ ಬಾವು ಇನ್ನೂ ಏರಿತು. ಸಂಜೆ ಹೊತ್ತಿಗೆ 103 ಡಿಗ್ರಿ ಜ್ವರ, ನಡುಕ. ಬಾವು ಬಂದ ಎದೆಯ ಹಾಲು ಕೆಟ್ಟದ್ದು ಅಂತ ಯಾರೋ ಹೇಳಿದರು. ನಾನು ಬೇಸಿನ್ನಿನಲ್ಲಿ ಹಿಂಡಿ ಚೆಲ್ಲಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಆ್ಯಂಟಿಬಯಾಟಿಕ್ ಬರೆದರು, ತಣ್ಣೀರು ಬಟ್ಟೆ ಇಡಲು ಹೇಳಿದರು, ಅದೇ ಎದೆಯಿಂದ ಕುಡಿಸುವುದನ್ನು ನಿಲ್ಲಿಸಲೇಬಾರದು ಅಂದರು. ಅಲ್ಲಿದ್ದ ನರ್ಸ್ ವಿಜಯಪುರ ಕಡೆಯವರು. ನಾನು ಹಾಲು ಚೆಲ್ಲಿದ್ದು ಕೇಳಿ ಅವರ ಮುಖ ಸಣ್ಣದಾಯಿತು. "ಸಾಯನ್ ಆಸ್ಪತ್ರ್ಯಾಗ ಒಂದೊಂದು ಹನಿ ಕೂಡಸಿ ಇಡತಾರವ್ವ, ನೀ ಚೆಲ್ಲೀಯಲ್ಲ" ಅಂದರು. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಮುಂಬೈಯ ಈ ಸಾಯನ್ ಆಸ್ಪತ್ರೆಯಲ್ಲೇ ಇದೆ, ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಶುರು ಮಾಡಿದ್ದು. ಬೇಗ ಹುಟ್ಟಿದ ಸಣ್ಣ ಕೂಸುಗಳಿಗೆ ಆ ಹಾಲು ಹೋಗುತ್ತದೆ. ಆಮೇಲೆ ಆ ನರ್ಸ್ ನನ್ನ ಪಕ್ಕ ಕೂತು, ಇಷ್ಟು ದಿನ ಯಾರೂ ಹೇಳದಿದ್ದದ್ದನ್ನು ಹೇಳಿದರು: "ಗಡಿಯಾರ ನೋಡಬ್ಯಾಡ, ಲಂಗೋಟಿ ಎಣಸು."

ನೀವೂ ಎಣಿಸಿ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಿದ್ದರೆ, ದಿನಕ್ಕೆ 20-30 ಗ್ರಾಂ ತೂಕ ಏರುತ್ತಿದ್ದರೆ ನಿಮ್ಮ ಹಾಲು ಸಾಲುತ್ತಿದೆ. ಹುಟ್ಟಿದ ತೂಕ ಸಾಮಾನ್ಯವಾಗಿ ಎರಡು ವಾರದೊಳಗೆ ವಾಪಸ್ ಬಂದಿರಬೇಕು. ಎಳೆ ಕೂಸು 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಯುತ್ತದೆ, ಅದರಲ್ಲಿ ಮೂರು ನಾಲ್ಕು ರಾತ್ರಿಗೆ ಬಂದೇ ಬರುತ್ತವೆ. ಅದರ ಹೊಟ್ಟೆಯೇ ಅಷ್ಟು ಸಣ್ಣದು. ಹಗಲು ರಾತ್ರಿ ಅಂತ ಅದಕ್ಕೆ ತಿಳಿಯಲು ಎರಡು ಮೂರು ತಿಂಗಳು ಬೇಕು. ಹಾಗಾಗಿ ರಾತ್ರಿ ಕುಡಿಯುವುದನ್ನು ಹೇಗೆ ಕಡಿಮೆ ಮಾಡುವುದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಪ್ಪತ್ತು ದಿನದ ಕೂಸಿನಲ್ಲಿ ಕಡಿಮೆ ಮಾಡುವಂಥದ್ದು ಏನೂ ಇಲ್ಲ. ನೀವು ಎದ್ದು, ಕೂತು, ದೀಪ ಹಾಕಿ, ಮಗ್ಗುಲು ಬದಲಿಸಿ, ತೇಗು ಬರಿಸಿ, ಬಟ್ಟೆ ಒಗೆದು ಮಾಡುತ್ತಿದ್ದೀರಲ್ಲ, ಅದನ್ನು ಕಡಿಮೆ ಮಾಡಿ.

ನಾವು ಮಂಚ ಬಿಟ್ಟು ಗಟ್ಟಿ ಹಾಸಿಗೆಯನ್ನು ನೆಲಕ್ಕೆ ಹಾಕಿದೆವು. ನಾನು ಒಂದು ಮಗ್ಗುಲಾಗಿ ಮಲಗಿ ಕುಡಿಸಲು ಕಲಿತೆ. ಮೂರು ನಾಲ್ಕು ದಿನ ಒದ್ದಾಡಿದೆ, ಆಮೇಲೆ ಕಣ್ಣು ಪೂರ್ತಿ ತೆರೆಯದೆಯೇ ಆಗುತ್ತಿತ್ತು. ಕೂಸಿನ ಹತ್ತಿರ ದಿಂಬು, ರಜಾಯಿ ಯಾವುದೂ ಇರಬಾರದು. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ, ಹಾಸಿಗೆ ಹಂಚಿಕೊಳ್ಳುವವರು ಕುಡಿದಿದ್ದರೆ, ನಿದ್ದೆ ಬರಿಸುವ ಮಾತ್ರೆ ತಗೊಂಡಿದ್ದರೆ ಅಥವಾ ಕೂಸು ತಿಂಗಳು ತುಂಬದೆ ಹುಟ್ಟಿದ್ದರೆ ಒಂದೇ ಹಾಸಿಗೆ ಬೇಡವೇ ಬೇಡ, ತೊಟ್ಟಿಲು ಪಕ್ಕದಲ್ಲಿರಲಿ. ಸೋಫಾದಲ್ಲಿ ಮಾತ್ರ ಯಾವತ್ತೂ ಕುಡಿಸುತ್ತಾ ನಿದ್ದೆ ಹೋಗಬೇಡಿ. ಹಾಸಿಗೆಗಿಂತ ಅದು ಬಹಳ ಅಪಾಯ. ನಾನು ಎಷ್ಟು ರಾತ್ರಿ ಹಾಗೆ ತೂಕಡಿಸಿದ್ದೆ ಅಂತ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ.

ಗಂಡಂದಿರ ವಿಷಯ. ನಿಮ್ಮ ಯಜಮಾನರಿಗೆ ಬೆಳಿಗ್ಗೆ ಆಫೀಸು ಇದೆ ಅಂತ ಬರೆದಿದ್ದೀರಿ. ನಿಮಗೂ ಕೆಲಸ ಇದೆ, ಇಪ್ಪತ್ನಾಲ್ಕು ಗಂಟೆ. ಆಸ್ಪತ್ರೆಯಿಂದ ಬಂದ ಮೇಲೆ ನಮ್ಮ ಮನೆಯಲ್ಲಿ ಎಂಟೂವರೆಯಿಂದ ಹನ್ನೊಂದರವರೆಗೆ ಕೂಸು ಅವರದು. ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡುವುದು, ಲಂಗೋಟಿ ಬದಲಿಸುವುದು, ತೇಗು ಬರಿಸುವುದು ಎಲ್ಲ ಅವರೇ. ಹಸಿದರೆ ನನ್ನ ಪಕ್ಕಕ್ಕೆ ತಂದು ಮಲಗಿಸುತ್ತಿದ್ದರು, ಕುಡಿದ ಮೇಲೆ ಎತ್ತಿಕೊಂಡು ಹೋಗುತ್ತಿದ್ದರು. ನಾನು ಊಟ ಮುಗಿಸಿ ಎಂಟೂವರೆಗೇ ಮಲಗುತ್ತಿದ್ದೆ. ರಾತ್ರಿಗೆ ಕಾಗದದ ಡೈಪರ್ ತಂದೆವು, ಇಸ್ತ್ರಿ ನಿಂತಿತು. ದಿಂಬಿನ ಹತ್ತಿರ ನೀರಿನ ಬಾಟಲಿ, ಅವ್ವನ ಅಂಟಿನ ಉಂಡೆ. ಮೊಬೈಲನ್ನು ಅಡುಗೆಮನೆಯಲ್ಲಿಟ್ಟೆ, ಯಾಕೆಂದರೆ ಎಷ್ಟು ಹೊತ್ತಿಗೆ ಎದ್ದೆ ಅಂತ ಬರೆದಿಡುತ್ತಿದ್ದದ್ದೇ ನನ್ನ ಅರ್ಧ ನಿದ್ದೆ ತಿಂದಿತ್ತು.

ಬಾಟಲಿ ಬಿಡಿಸಲು ಮೂರು ವಾರ ಹಿಡಿಯಿತು. ಡಾಕ್ಟರ ಹತ್ತಿರ ತೂಕ ಹಾಕಿಸುತ್ತಾ ಎರಡು ಮೂರು ದಿನಕ್ಕೊಮ್ಮೆ 10-15 ಎಂಎಲ್ ಇಳಿಸಿದೆವು. ಪುಡಿ ಹಾಲು ವಿಷ ಅಂತ ನಾನು ಹೇಳುವುದಿಲ್ಲ. ತೂಕ ಏರದೆ ಡಾಕ್ಟರು ಕೊಡಿ ಅಂದರೆ ಕೊಡಲೇಬೇಕು. ನಿದ್ದೆಯಿಲ್ಲದೆ ನಿಮಗೆ ಬದುಕೇ ಬೇಡ ಅನಿಸತೊಡಗಿದ್ದರೆ ಅದನ್ನು ಇವತ್ತೇ ಡಾಕ್ಟರಿಗೆ ಹೇಳಿ, ಒಬ್ಬರೇ ಇರಬೇಡಿ, ಆಮೇಲೆ ಹಾಲಿನ ಮಾತು. ಆದರೆ ಮೆತ್ತಗಾದ ಎದೆ ನೋಡಿಕೊಂಡು, ಪಕ್ಕದ ಮನೆಯವರ ಮಾತು ಕೇಳಿಕೊಂಡು ಕೊಡಬೇಡಿ. ರಾತ್ರಿ ಮಲಗಲಿ ಅಂತ ಜೇನುತುಪ್ಪ, ಗುಟ್ಟಿ ಅನ್ನುವ ಮನೆಮದ್ದು, ನೀರು ನೆಕ್ಕಿಸುವವರಿಗೂ ಬೇಡ ಅಂತ ಮುಖದ ಮೇಲೆ ಹೇಳಿ. ಕೂಸು ಕುಡಿಯಲೂ ಏಳದೆ ಮಂಕಾಗಿದ್ದರೆ ಅಥವಾ ಮೈ ಬಿಸಿ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ.

ಕೂಸಿನ ತೂಕ ಕೊನೆಯ ಸಲ ಯಾವಾಗ ಹಾಕಿಸಿದಿರಿ? ಹುಟ್ಟಿದಾಗ ಎಷ್ಟಿತ್ತು, ಈಗ ಎಷ್ಟಿದೆ, ನಿನ್ನೆ ಎಷ್ಟು ಲಂಗೋಟಿ ಒದ್ದೆಯಾದವು, ಇಷ್ಟು ಬರೆಯಿರಿ. ನಾನು ನೋಡುತ್ತಿರುತ್ತೇನೆ.