ಓದುಗರ ಪ್ರಶ್ನೆ: ಸ್ಯಾನ್ ಮರಿನೊದಲ್ಲಿ ನ್ಯಾಯ ಹೇಳುವವರು ಯಾರು?

ಪ್ರಶ್ನೆ: ಸುತ್ತಲೂ ಇಟಲಿಯೇ ಇರುವ ಸ್ಯಾನ್ ಮರಿನೊ ಗಣರಾಜ್ಯಕ್ಕೆ ಸ್ವಂತ ಕಾನೂನು ಇದೆಯೇ? ಎಲ್ಲರೂ ಎಲ್ಲರಿಗೂ ಪರಿಚಿತರಾಗಿರುವಂಥ ಪುಟ್ಟ ದೇಶದಲ್ಲಿ ನ್ಯಾಯಾಧೀಶರು ನಿಷ್ಪಕ್ಷಪಾತಿಗಳಾಗಿರಲು ಸಾಧ್ಯವೇ?

ಉತ್ತರ: ಸ್ವಂತ ಕಾನೂನು ಇದೆ, ಅದರ ಬೇರು ಬಹಳ ಹಳೆಯದು. ಲ್ಯಾಟಿನ್ ಭಾಷೆಯಲ್ಲಿ ಆರು ಭಾಗಗಳಾಗಿ ರಚಿತವಾದ 1600ರ ಶಾಸನಸಂಹಿತೆ ಇಂದಿಗೂ ಅದರ ತಳಹದಿಗಳಲ್ಲಿ ಒಂದು. 19ನೆಯ ಶತಮಾನದಲ್ಲಿ ಯುರೋಪಿನ ಅನೇಕ ದೇಶಗಳು ಫ್ರಾನ್ಸನ್ನು ಅನುಸರಿಸಿ ಸಮಗ್ರ ಸಿವಿಲ್ ಸಂಹಿತೆಗಳನ್ನು ಬರೆದುಕೊಂಡಾಗ ಸ್ಯಾನ್ ಮರಿನೊ ಆ ದಾರಿ ಹಿಡಿಯಲಿಲ್ಲ. ಹೀಗಾಗಿ ಒಪ್ಪಂದ ಅಥವಾ ಆಸ್ತಿಗೆ ಸಂಬಂಧಿಸಿದ ವ್ಯಾಜ್ಯವೊಂದಕ್ಕೆ ದೇಶದ ಕಾಯಿದೆಗಳಲ್ಲಿ ಪರಿಹಾರ ಸಿಗದಿದ್ದರೆ, ರೋಮನ್ ಕಾನೂನಿನ ಆಧಾರದ ಮೇಲೆ ಮಧ್ಯಯುಗದ ಪಂಡಿತರು ಬೆಳೆಸಿದ ‘ಯೂಸ್ ಕಮ್ಯೂನೆ’ ಪರಂಪರೆಯನ್ನು ನ್ಯಾಯಾಧೀಶರು ಆಶ್ರಯಿಸುತ್ತಾರೆ. ಬೇರೆಡೆ ಇತಿಹಾಸದ ಪಾಠವಾಗಿ ಉಳಿದಿರುವ ಈ ಪರಂಪರೆ ಅಲ್ಲಿ ಇನ್ನೂ ಜೀವಂತ ಕಾನೂನಾಗಿದೆ ಎಂಬುದು ನಿಜಕ್ಕೂ ಅಪರೂಪದ ಸಂಗತಿ. ಅಪರಾಧಗಳಿಗೆ ಪ್ರತ್ಯೇಕ ದಂಡಸಂಹಿತೆಯಿದೆ. ಮರಣದಂಡನೆಯನ್ನು 1865ರಲ್ಲಿಯೇ ರದ್ದುಪಡಿಸಲಾಯಿತು.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯವಾದದ್ದು. 61 ಚದರ ಕಿಲೋಮೀಟರಿನಲ್ಲಿ ಸುಮಾರು 34 ಸಾವಿರ ಜನರಿರುವ ಆ ದೇಶದಲ್ಲಿ ನ್ಯಾಯಾಧೀಶರಿಗೆ ಕಕ್ಷಿದಾರರು ನೆಂಟರೋ ನೆರೆಯವರೋ ಆಗಿಬಿಡುವ ಅಪಾಯ ಯಾವಾಗಲೂ ಇತ್ತು. ಇದನ್ನು ಮನಗಂಡೇ, ಸಣ್ಣಪುಟ್ಟ ವ್ಯಾಜ್ಯಗಳನ್ನು ಬಿಟ್ಟರೆ ಉಳಿದ ಪ್ರಕರಣಗಳಿಗೆ ಹೊರದೇಶದವರನ್ನೇ, ಹೆಚ್ಚಾಗಿ ಇಟಲಿಯ ಕಾನೂನು ಪಂಡಿತರನ್ನು, ನ್ಯಾಯಾಧೀಶರನ್ನಾಗಿ ನೇಮಿಸುವ ಪದ್ಧತಿಯನ್ನು ಶತಮಾನಗಳ ಕಾಲ ಪಾಲಿಸಲಾಯಿತು. ಇದನ್ನು ಸ್ವಾಭಿಮಾನದ ಕೊರತೆ ಎಂದು ತಿಳಿಯಬಾರದು. ಕಾನೂನು ತಮ್ಮದು, ಅದನ್ನು ಅನ್ವಯಿಸುವವರಿಗೆ ಮಾತ್ರ ಊರಿನ ಹಂಗು ಇರಬಾರದು ಎಂಬ ವಿವೇಕ ಅದರಲ್ಲಿದೆ.

ಅಧಿಕಾರಸ್ಥರ ವಿಷಯದಲ್ಲಿಯೂ ಅಷ್ಟೇ ಎಚ್ಚರವಿದೆ. ‘ಕ್ಯಾಪ್ಟನ್ ರೀಜೆಂಟ್’ ಎಂಬ ಇಬ್ಬರು ರಾಷ್ಟ್ರಮುಖ್ಯಸ್ಥರನ್ನು 60 ಸದಸ್ಯರ ಶಾಸನಸಭೆ ಆರು ತಿಂಗಳಿಗೊಮ್ಮೆ ಆರಿಸುತ್ತದೆ. ಅವರು ಏಪ್ರಿಲ್ 1ರಂದು ಅಥವಾ ಅಕ್ಟೋಬರ್ 1ರಂದು ಅಧಿಕಾರ ವಹಿಸಿಕೊಳ್ಳುತ್ತಾರೆ. ಇಳಿದ ಮೇಲೆ ಮೂರು ವರ್ಷ ಮತ್ತೆ ಆಯ್ಕೆಯಾಗುವಂತಿಲ್ಲ. ಅವಧಿ ಮುಗಿದ ಕೂಡಲೇ ನಾಗರಿಕರಿಗೆ ಒಂದು ಗಡುವು ನೀಡಲಾಗುತ್ತದೆ. ಆ ಗಡುವಿನೊಳಗೆ, ಅಧಿಕಾರದಿಂದ ಇಳಿದ ರೀಜೆಂಟರು ಮಾಡಬಾರದ್ದನ್ನು ಮಾಡಿದ್ದರೆ ಅಥವಾ ಮಾಡಬೇಕಾದದ್ದನ್ನು ಬಿಟ್ಟಿದ್ದರೆ, ಯಾವ ನಾಗರಿಕನಾದರೂ ದೂರು ಸಲ್ಲಿಸಬಹುದು. ಅದನ್ನು ಈಗ ಸಾಂವಿಧಾನಿಕ ನ್ಯಾಯಮಂಡಳಿಯಾದ ‘ಕೊಲೇಜೊ ಗರಾಂತೆ’ ವಿಚಾರಿಸುತ್ತದೆ. ದೊಡ್ಡ ದೇಶಗಳೂ ಇದನ್ನು ಗಮನಿಸಬೇಕೆಂದು ನನ್ನ ಅಭಿಪ್ರಾಯ.

ದೇಶದೊಳಗಿನ ಎಲ್ಲ ಹಂತಗಳೂ ಮುಗಿದ ಮೇಲೆ, ಮಾನವ ಹಕ್ಕುಗಳ ಉಲ್ಲಂಘನೆಯಾಗಿದೆ ಎನ್ನುವವರು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಬಹುದು. ಏಕೆಂದರೆ ಆ ನ್ಯಾಯಾಲಯ ಸೇರಿರುವ ‘ಕೌನ್ಸಿಲ್ ಆಫ್ ಯುರೋಪ್’ ಎಂಬ ರಾಷ್ಟ್ರಗಳ ಸಂಘಟನೆಗೆ ಸ್ಯಾನ್ ಮರಿನೊ 1988ರಿಂದ ಸದಸ್ಯ ರಾಷ್ಟ್ರವಾಗಿದೆ.